ದೊಡ್ಡಮ್ಮನ ಇ ಡ್ರೈವ್

"ಅದು ಅವನದು ಕಣೇ. ಬೇಕಾದ್ರೆ ನಂದ್ರಲ್ಲಿ ತಗೋ."

ಮೈಸೂರು ಕುವೆಂಪುನಗರದ ದೊಡ್ಡಮ್ಮ ಭಾನುವಾರ ಹೇಳಿದ ಈ ಮಾತು ಇನ್ನೂ ತಲೆಯಲ್ಲೇ ಕೂತಿದೆ. ಆಸ್ತಿ ವಿಷಯ ಅಲ್ಲ. ಹಾರ್ಡ್ ಡಿಸ್ಕ್ ವಿಷಯ.

ಅವರ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿತು, ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ರೂ ಹೊಸದಿರಬೇಕು. ಇದು ಎರಡರಲ್ಲೂ ಫೇಲು. ಆದರೆ ಮಿಷನ್ನು ಗಟ್ಟಿಯಾಗಿದೆ, ಎಸೆಯೋಕೆ ಮನಸ್ಸು ಬರಲ್ಲ. ಅದಕ್ಕೇ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಅನ್ನೋ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ ಅಂದಿದ್ದೆ. ವಿಂಡೋಸ್ ಪೂರ್ತಿ ತೆಗೆಯುವ ಹಾಗಿಲ್ಲ. ಭಜನಾ ಮಂಡಳಿಯ ಹಾಡುಗಳನ್ನೆಲ್ಲ ದೊಡ್ಡಮ್ಮ ಹಳೇ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟಿದ್ದಾರೆ, ಎಲ್ಲ ಕಡೆ ಓದೋಕಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ದೇವರನಾಮ ಹೋಗಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಆಗುತ್ತದೆ. ನಿಧಾನಕ್ಕೆ ಬದಲಾಯಿಸಬೇಕು. ಅಲ್ಲಿವರೆಗೆ ವಿಂಡೋಸ್‌ಗೆ ನೆಟ್ ಕೊಡದೆ, ಸುಮ್ನೆ ಟೈಪಿಂಗ್‌ಗೆ ಮಾತ್ರ ಇಟ್ಟುಕೊಳ್ಳುವುದು ಅಂತ ಮಾತಾಯಿತು.

ಮೊದಲು ಡಿಸ್ಕಿನ ಭಾಗಗಳನ್ನು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. ಒಂದು ಟಿಬಿ ಡಿಸ್ಕು, ತೋರಿಸುವುದು 931 ಜಿಬಿ. ದೊಡ್ಡಮ್ಮ ತಕ್ಷಣ ಹಿಡಿದುಕೊಂಡರು. "ಮಿಕ್ಕ 69 ಎಲ್ಲೋಯ್ತು?" ಕಂಪನಿಯವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಅಳೆಯುತ್ತೆ ಅಂತ ವಿವರಿಸಿದೆ. "ನಮ್ಮ ಹಾಲಿನವನ ಹಾಗೆ" ಅಂದರು. ಅಷ್ಟಕ್ಕೆ ಅದು ಮುಗಿಯಿತು.

ಸಿ ಡ್ರೈವ್ 150 ಜಿಬಿ, ತುಂಬಿ ಕೆಂಪಗಾಗಿದೆ. ಡಿ ಡ್ರೈವ್ 390. ಅದಕ್ಕೆ "ಅಮ್ಮ" ಅಂತ ಹೆಸರು. ಹನ್ನೊಂದು ಜಿಬಿ ಕೂಡ ತುಂಬಿಲ್ಲ. ಇ ಡ್ರೈವೂ 390. ಅದಕ್ಕೆ ಅಣ್ಣನನ್ನು, ಅಂದರೆ ದೊಡ್ಡಮ್ಮನ ಮಗನನ್ನು, ಮನೆಯಲ್ಲಿ ಕರೆಯುವ ಹೆಸರು. ಒಳಗಿರುವುದು ಒಂದೇ ಒಂದು "ನ್ಯೂ ಫೋಲ್ಡರ್". ಅದನ್ನೂ ತೆರೆದೆ. ಖಾಲಿ.

ಅಮೆರಿಕಕ್ಕೆ ಹೋಗುವ ಮುಂಚೆ ಅಣ್ಣನೇ ಹೀಗೆ ಮಾಡಿಟ್ಟು ಹೋದದ್ದು. ಸಿ ಮುಟ್ಟಬೇಡ, ನಿನ್ನದೆಲ್ಲ ಡಿಗೆ ಹಾಕು ಅಂತ ಅಮ್ಮನಿಗೆ ಹೇಳಿ ಹೋಗಿದ್ದ. ದೊಡ್ಡಮ್ಮ ಸಿ ಮುಟ್ಟಲೇ ಇಲ್ಲ, ಪಾಪ. ಫೋಟೋ, ಹಾಡು, ವಾಟ್ಸಾಪ್ ವಿಡಿಯೋ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಹಾಕಿಕೊಂಡರು. ಆ ಡೆಸ್ಕ್‌ಟಾಪ್ ಇರುವುದೇ ಸಿ ಒಳಗೆ ಅಂತ ಅವರಿಗೆ ಯಾರೂ ಹೇಳಿಲ್ಲ. ಅಣ್ಣ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯವನ್ನು ಪೂರ್ತಿ ಹೇಳುವಷ್ಟು ತಾಳ್ಮೆ ಅವನಿಗೆ ಯಾವತ್ತೂ ಇರಲಿಲ್ಲ.

ಹಾಲಿನ ಲೆಕ್ಕದ ಡೈರಿಯ ಕೊನೇ ಹಾಳೆಯಲ್ಲಿ ನನ್ನ ಪ್ಲಾನ್ ಬರೆದೆ. ಇ ಡ್ರೈವ್ ಡಿಲೀಟ್. ಆ ಜಾಗದಲ್ಲಿ ರೂಟ್‌ಗೆ (ಸಿಸ್ಟಮ್ ಕೂರುವ ಜಾಗ) 50 ಜಿಬಿ, ಉಳಿದದ್ದೆಲ್ಲ ಅವರ ಫೈಲುಗಳಿರುವ ಹೋಮ್‌ಗೆ. ಹೋಮ್ ಬೇರೆ ಇದ್ದರೆ ನಾಳೆ ಸಿಸ್ಟಮ್ ಹೊಸದಾಗಿ ಹಾಕಿದರೂ ಅವರ ಫೈಲುಗಳು ಹಾಗೇ ಉಳಿಯುತ್ತವೆ, ಹೋಮನ್ನು ಫಾರ್ಮ್ಯಾಟ್ ಮಾಡದಿದ್ದರೆ ಸಾಕು. ಸ್ವಾಪ್‌ಗೆ (ರ‍್ಯಾಮ್ ತುಂಬಿದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಬೇರೆ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗ, ಬೇಡ. ರ‍್ಯಾಮ್‌ನ ಎರಡರಷ್ಟು ಸ್ವಾಪ್ ಇಡಬೇಕು ಅನ್ನುವುದು ರ‍್ಯಾಮ್ ಕಮ್ಮಿ ಇದ್ದ ಕಾಲದ ಲೆಕ್ಕ, ಈಗ ಒಂದು ಸ್ವಾಪ್ ಫೈಲ್ ಸಾಕು. ಬೂಟ್ ಆಗೋಕೆ ವಿಂಡೋಸ್ ಮಾಡಿಕೊಂಡಿರುವ ಇಎಫ್‌ಐ ಅನ್ನೋ ಸಣ್ಣ ಪಾರ್ಟಿಷನ್ನನ್ನೇ ಎರಡು ಸಿಸ್ಟಮ್ಮೂ ಹಂಚಿಕೊಳ್ಳಬಹುದು. ಚೊಕ್ಕ ಪ್ಲಾನು, ಅಲ್ವಾ? ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿದರು. "ಡಿಲೀಟ್" ಅಂತ ಬರೆದಿದ್ದ ಕಡೆ ಬೆರಳಿಟ್ಟರು.

"ಇದು ಅವನದಲ್ವಾ?"

"ಖಾಲಿ ಇದೆ ದೊಡ್ಡಮ್ಮ. ಏನೂ ಇಲ್ಲ, ನೋಡಿ."

"ಖಾಲಿ ಇದ್ರೆ ಏನಂತೆ? ಅದು ಅವನದು ಕಣೇ. ಬೇಕಾದ್ರೆ ನಂದ್ರಲ್ಲಿ ತಗೋ."

ಎಷ್ಟು ಅಂತಲೂ ಕೇಳಲಿಲ್ಲ. ಒಗ್ಗರಣೆ ಹಾಕೋಕೆ ಎದ್ದು ಹೋದರು.

ಹಿಂದಿನ ರಾತ್ರಿ ಅಣ್ಣನಿಗೂ ಫೋನ್ ಮಾಡಿ ಇದನ್ನೇ ಕೇಳಿದ್ದೆ ಅನ್ನುವುದನ್ನು ನಾನು ಅವರಿಗೆ ಹೇಳಲಿಲ್ಲ. ಅವನ ಉತ್ತರ, "ಅಯ್ಯೋ, ಅದ್ರಲ್ಲೇನಿದೆ? ಎಲ್ಲ ಫಾರ್ಮ್ಯಾಟ್ ಮಾಡಿ ಬಿಸಾಕು." ಅವನು ಹೇಳಿದ್ದು ಸರಿ. ಟೆಕ್ನಿಕಲ್ ಆಗಿ ನೂರಕ್ಕೆ ನೂರು ಸರಿ. ಆದರೂ ಇವರ ಮುಂದೆ ಅದನ್ನು ಹೇಳೋಕೆ ಬಾಯಿ ಬರಲಿಲ್ಲ.

ಆಮೇಲೆ ಡಿ ಡ್ರೈವನ್ನೇ ಕುಗ್ಗಿಸಿ 150 ಜಿಬಿ ತೆಗೆದೆ. 50 ರೂಟ್, 100 ಹೋಮ್. ಮೊದಲು ಫೋಟೋಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಂಡೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಎಚ್ಚರ ಇರುತ್ತೆ. ಆಗ ಲಿನಕ್ಸ್‌ನಿಂದ ಅದರ ಡ್ರೈವ್‌ಗೆ ಏನೂ ಬರೆಯೋಕಾಗಲ್ಲ. ಡಿ ಮಧ್ಯದಲ್ಲಿ ಕೂತಿರುವುದರಿಂದ ಸಿಗೆ ಜಾಗ ಕೊಡುವ ದಾರಿ ಇರಲಿಲ್ಲ. ವಿಂಡೋಸ್‌ನ ಟೂಲ್‌ನಲ್ಲಿ ಒಂದು ಡ್ರೈವ್ ಬೆಳೆಯಬೇಕಾದರೆ ಅದರ ಬಲಕ್ಕೆ ಅಂಟಿಕೊಂಡೇ ಖಾಲಿ ಜಾಗ ಇರಬೇಕು. ಹಾಗಾಗಿ ಡೆಸ್ಕ್‌ಟಾಪ್ ಫೋಲ್ಡರನ್ನೇ ಡಿಗೆ ಸಾಗಿಸಿದೆ. ಸಿ ಡ್ರೈವ್‌ನ ಕೆಂಪು ಹೋಗಿ ನೀಲಿ ಬಂತು. ದೊಡ್ಡಮ್ಮನ ಪಾಲಿಗೆ ಆ ದಿನದ ದೊಡ್ಡ ಕೆಲಸ ಅದೇ.

ಆ ಮನೆಯ ಮಹಡಿ ಮೇಲೂ ಅವನ ರೂಮಿದೆ. ಅವನು ಹೋದ ಮೇಲೇ ಕಟ್ಟಿಸಿದ್ದು, ಅಟ್ಯಾಚ್ಡ್ ಬಾತ್‌ರೂಮ್ ಸಮೇತ. ದೊಡ್ಡಮ್ಮ ಮಂಡಿ ನೋವಿದ್ದರೂ ಹತ್ತಿ ಹೋಗಿ ಗುಡಿಸುತ್ತಾರೆ. ಬಾಡಿಗೆಗೆ ಕೊಡಿ, ಓದೋ ಹುಡುಗೀರು ಯಾರಾದರೂ ಬರ್ತಾರೆ, ರಾತ್ರಿ ಹೊತ್ತು ಜೊತೆನೂ ಆಗುತ್ತೆ ಅಂತ ನಾನೇ ಹಿಂದೆ ಹೇಳಿದ್ದೆ. ಆಗಲೂ ಹೆಚ್ಚುಕಮ್ಮಿ ಇದೇ ಉತ್ತರ. ಕುವೆಂಪುನಗರ, ಸರಸ್ವತಿಪುರಂ ಕಡೆ ಸಂಜೆ ವಾಕಿಂಗ್ ಹೋದರೆ ನೋಡಿ, ಕೆಳಗೆ ಮಾತ್ರ ದೀಪ ಉರಿಯುವ ಮನೆಗಳು ಎಷ್ಟಿವೆ ಅಂತ. ಜಾಗ ವೇಸ್ಟು ಅಂತ ನನಗೆ ಈಗಲೂ ಅನ್ನಿಸುತ್ತೆ. ಒಂಟಿ ಹೆಂಗಸು, ಮಂಡಿ ನೋವು, ಮೇಲೆ ಬೀಗ ಹಾಕಿದ ರೂಮು. ಇದರಲ್ಲಿ ಕಣ್ಣೀರು ಹಾಕುವಂಥ ಚಂದ ಏನೂ ನನಗೆ ಕಾಣಲ್ಲ. ಸಿಟ್ಟೇ ಜಾಸ್ತಿ ಬರುತ್ತೆ. ಅವನ ಮೇಲೋ, ಅವರ ಮೇಲೋ ಗೊತ್ತಾಗಲ್ಲ.

ಆದರೆ ಪಾರ್ಟಿಷನ್ ಪ್ಲಾನ್ ಅಂದರೂ ಊಹೆಯೇ. ಮುಂದೆ ಯಾರಿಗೆ ಎಷ್ಟು ಬೇಕಾಗುತ್ತೆ ಅಂತ ಇವತ್ತೇ ಗೆರೆ ಎಳೆಯಬೇಕು. ಅಣ್ಣ ಡಿಗೂ ಇಗೂ ಸಮ ಸಮ ಎಳೆದಿದ್ದಾನೆ. ವರ್ಷಾ ವರ್ಷಾ ಬರ್ತೀನಿ, ನನ್ನದೂ ಒಂದಷ್ಟು ಇಲ್ಲಿರುತ್ತೆ ಅಂತ ಅವತ್ತು ಅವನಿಗೂ ನಿಜವಾಗಿಯೇ ಅನ್ನಿಸಿರಬೇಕು. ಇಲ್ಲದಿದ್ದರೆ ತನ್ನ ಹೆಸರು ಯಾಕೆ ಹಾಕುತ್ತಿದ್ದ? ಆ ಪ್ಲಾನು ಅವನಿಗೆ ಮರೆತುಹೋಗಿದೆ. ದೊಡ್ಡಮ್ಮ ಮರೆತಿಲ್ಲ.

ಮೊನ್ನೆ ಅವನ ಮೆಸೇಜ್ ಬಂತು. ಎಲ್ಲ ಆಯ್ತಾ, ರೂಟ್‌ಗೆ ಎಷ್ಟು ಕೊಟ್ಟೆ ಅಂತ. 50 ಅಂದೆ. ಇ ಡ್ರೈವ್ ಇನ್ನೂ ಯಾಕಿದೆ ಅಂತ ಕೇಳಿದ. ನಿಮ್ಮಮ್ಮನ್ನೇ ಕೇಳು ಅಂತ ಬರೆದೆ. ಕೇಳಿದನೋ ಇಲ್ಲವೋ, ಈ ಭಾನುವಾರ ಪ್ರಿಂಟರ್ ಸೆಟ್ ಮಾಡೋಕೆ ಹೋದಾಗ ಗೊತ್ತಾಗುತ್ತೆ.