ಕಣ್ಣೀರು ಇಳಿಯುವ ದಾರಿ

ನಮ್ಮ ಪೆರ್ಲದ ಕಡೆ ಒಬ್ಬರ ಕಣ್ಣಲ್ಲಿ ನೀರು ಕಂಡರೆ ಸಾಕು, "ಎಂತ ಆಯಿತು, ಮನೆಯಲ್ಲಿ ಏನಾದರೂ ಗಲಾಟೆಯಾ?" ಅಂತ ಶುರುವಾಗುತ್ತದೆ. ನನ್ನ ದೊಡ್ಡಮ್ಮನಿಗೆ ಇದೇ ದೊಡ್ಡ ಕಿರಿಕಿರಿ ಆಗಿತ್ತು. ಎಡಗಣ್ಣಿನಲ್ಲಿ ಮಾತ್ರ ನೀರು, ಬೆಳಗಿನಿಂದ ರಾತ್ರಿವರೆಗೆ. ಸೆರಗಿನಲ್ಲಿ ಒರೆಸಿ ಒರೆಸಿ ಕಣ್ಣಿನ ಕೆಳಗೆ ಚರ್ಮವೇ ಕೆಂಪಾಗಿತ್ತು. ಮದುವೆ ಮನೆಗೆ ಹೋದರೆ ಸಮಾಧಾನ ಹೇಳುವವರ ಸಾಲು. ಒಂದೇ ಕಣ್ಣಲ್ಲಿ ಅಳುವವರು ಯಾರಾದರೂ ಇದ್ದಾರಾ ಮಾರಾಯ್ರೆ!

ಕಣ್ಣು ತುಂಬಿ ಹರಿದರೆ ಕಣ್ಣೀರು ಜಾಸ್ತಿ ಹುಟ್ಟುತ್ತಿದೆ ಅಂತಲೇ ಆಗಬೇಕಿಲ್ಲ. ಹುಟ್ಟುವುದು ಸರಿಯಾಗಿಯೇ ಇದ್ದು, ಇಳಿದು ಹೋಗುವ ದಾರಿ ಕಟ್ಟಿರಬಹುದು. ತೋಟದ ಕಣಿಯಲ್ಲಿ ಸೋಗೆ ಸಿಕ್ಕಿಕೊಂಡರೆ ಸಣ್ಣ ಮಳೆಗೂ ಅಡಿಕೆ ಬುಡದಲ್ಲಿ ನೀರು ನಿಲ್ಲುತ್ತದಲ್ವಾ, ಹಾಗೆ.

ಕಣ್ಣೀರಿನ ದೊಡ್ಡ ಗ್ರಂಥಿ ಇರುವುದು ಕಣ್ಣಿನ ಮೇಲ್ಭಾಗದಲ್ಲಿ, ಕಿವಿಯ ಕಡೆಗೆ, ಮೂಳೆಯ ಮರೆಯಲ್ಲಿ. ಅಳುವಾಗ, ಈರುಳ್ಳಿ ಕೊಚ್ಚುವಾಗ, ಒಲೆಯ ಹೊಗೆ ತಾಗಿದಾಗ ಧಾರಾಳವಾಗಿ ಸುರಿಸುವುದು ಅದು. ಸುಮ್ನೆ ಕೂತಿರುವಾಗಲೂ ಕಣ್ಣು ಒದ್ದೆಯಾಗಿಯೇ ಇರುತ್ತದೆ. ಆಗ ಹುಟ್ಟುವ ನೀರು ನಿಮಿಷಕ್ಕೆ ಸುಮಾರು 1 ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಅಷ್ಟು ತೆಳುವಾದ ನೀರು ಗಾಳಿಗೆ ಒಣಗದ ಹಾಗೆ ರೆಪ್ಪೆಯ ಅಂಚಿನ ಗ್ರಂಥಿಗಳು ಮೇಲಿಂದ ಎಣ್ಣೆ ಸವರುತ್ತವೆ. ಆ ಎಣ್ಣೆ ಕಮ್ಮಿಯಾದರೆ ಕಣ್ಣು ಒಣಗಿ ಉರಿಯುತ್ತದೆ, ಉರಿದದ್ದಕ್ಕೆ ದೊಡ್ಡ ಗ್ರಂಥಿ ಮತ್ತೆ ನೀರು ಸುರಿಸುತ್ತದೆ. ಒಣ ಕಣ್ಣಿನವರು ಕಣ್ಣೊರೆಸಿಕೊಂಡು ಓಡಾಡುವುದು ಹೀಗೆ.

ಇನ್ನು ಇಳಿಯುವ ದಾರಿ. ಕನ್ನಡಿ ಎದುರು ನಿಂತು ಕೆಳರೆಪ್ಪೆಯನ್ನು ಮೂಗಿನ ಹತ್ತಿರ ಮೆಲ್ಲ ಕೆಳಕ್ಕೆ ಎಳೆಯಿರಿ. ಅಂಚಿನಲ್ಲಿ ಒಂದು ಸಣ್ಣ ಉಬ್ಬು, ಅದರ ತಲೆಯ ಮೇಲೆ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಇಂಥದ್ದೇ ಒಂದು. ಎರಡರಿಂದಲೂ ಕೂದಲಿನಂಥ ನಾಳಗಳು ಹೊರಟು ಮೂಗಿನ ಪಕ್ಕದ ಒಂದು ಸಣ್ಣ ಚೀಲಕ್ಕೆ ಸೇರುತ್ತವೆ, ಅಲ್ಲಿಂದ ಮೂಳೆಯೊಳಗಿನ ಕೊಳವೆಯಲ್ಲಿ ನೀರು ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದೇ ನೀರು. ಅದು ತಾನಾಗಿ ಇಳಿಯುವುದೂ ಅಲ್ಲ, ರೆಪ್ಪೆ ಮಿಟುಕಿಸಿದಾಗಲೆಲ್ಲ ಕಣ್ಣಿನ ಸುತ್ತಲಿನ ಸ್ನಾಯು ಅದನ್ನು ಒಳಗೆ ತಳ್ಳುತ್ತದೆ. ಮುಖಕ್ಕೆ ಪಾರ್ಶ್ವವಾಯು ಬಡಿದವರಿಗೆ ಕೊಳವೆ ಸರಿ ಇದ್ದರೂ ಕಣ್ಣು ಸೋರುವುದು ಆ ತಳ್ಳುವ ಕೆಲಸ ನಿಂತದ್ದರಿಂದ.

ದೊಡ್ಡಮ್ಮ ಮೊದಮೊದಲು ಯಾರೋ ಹೇಳಿದ ಹನಿಮದ್ದು ಬಿಟ್ಟುಕೊಂಡು ದಿನ ತಳ್ಳಿದರು. ಆಮೇಲೆ ಕಣ್ಣಿನ ಮೂಲೆ ಊದಿತು, ಅಲ್ಲಿ ಒತ್ತಿದರೆ ಕೀವು ಬರುತ್ತಿತ್ತು. ಇದೊಂದು ತಮಾಷೆ ನೋಡಿ: ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಇದೆ, ಮುಂದೆ ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1922ರಲ್ಲೇ ಅದರ ಬಗ್ಗೆ ಬರೆದಿದ್ದ. ಆದರೆ ಹರಿಯದೆ ಚೀಲದಲ್ಲಿ ನಿಂತ ನೀರಿಗೆ ಆ ಕಾವಲು ಸಾಲುವುದಿಲ್ಲ.

ಕೊನೆಗೆ ತಲಪಾಡಿ ದಾಟಿ ಮಂಗಳೂರಿಗೆ ಕರಕೊಂಡು ಹೋದೆವು. ಡಾಕ್ಟರ್ ಮೊಂಡು ಸೂಜಿಯ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ, ಕೆಳರೆಪ್ಪೆಯ ಆ ತೂತಿಗೇ ಹಿಡಿದು ಮೆಲ್ಲ ಒತ್ತಿದರು.

"ಅಮ್ಮಾ, ಗಂಟಲಿಗೆ ಉಪ್ಪು ಬಂತಾ?"

"ಎಂತದ್ದೂ ಬರಲಿಲ್ಲ."

ಬರುವುದು ಹೇಗೆ? ಕೆಳಗಿನ ತೂತಿಗೆ ಬಿಟ್ಟ ನೀರು ಮೇಲಿನ ತೂತಿನಿಂದ ಕೀವಿನ ಸಮೇತ ವಾಪಸ್ಸು ಬರುವುದು ಪಕ್ಕದಲ್ಲಿ ನಿಂತ ನನಗೇ ಕಾಣುತ್ತಿತ್ತು. ಚೀಲದ ಕೆಳಗೆ ಕೊಳವೆ ಪೂರ್ತಿ ಕಟ್ಟಿತ್ತು. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಜಾಸ್ತಿಯಂತೆ. ಡಿಸಿಆರ್ ಅನ್ನುವ ಆಪರೇಷನ್ ಆಯಿತು: ಚೀಲಕ್ಕೂ ಮೂಗಿಗೂ ನಡುವಿನ ಮೂಳೆಯಲ್ಲಿ ಕಿಂಡಿ ಮಾಡಿ ನೇರ ದಾರಿ ಕೊಡುತ್ತಾರೆ, ಹಳೇ ಕೊಳವೆಯ ಗೊಡವೆಗೇ ಹೋಗುವುದಿಲ್ಲ. "ಕಣ್ಣಿನ ಕಾಯಿಲೆಗೆ ಮೂಗು ಕೊರೆಯುವುದಾ" ಅಂತ ದೊಡ್ಡಮ್ಮ ಬಸ್ಸಿನಲ್ಲಿ ಉಪ್ಪಳದವರೆಗೂ ಬೈದಿದ್ದರು.

ಹುಟ್ಟಿದ ಮಗುವಿಗೂ ಹೀಗೆ ಆಗುವುದುಂಟು. ಕೊಳವೆಯ ಕೆಳತುದಿಯಲ್ಲಿ ಒಂದು ತೆಳು ಪೊರೆ ತೆರೆಯದೆ ಉಳಿದು ಕಣ್ಣು ಗೀಜುಗಟ್ಟುತ್ತದೆ. ಹೆಚ್ಚಿನ ಮಕ್ಕಳಿಗೆ ವರ್ಷದೊಳಗೆ ತಾನೇ ಸರಿಹೋಗುತ್ತದೆ, ಡಾಕ್ಟರ್ ತೋರಿಸಿಕೊಟ್ಟ ಹಾಗೆ ಮೂಗಿನ ಪಕ್ಕ ಬೆರಳಲ್ಲಿ ಕೆಳಕ್ಕೆ ತೀಡಿದರಾಯಿತು. ಎದೆಹಾಲು ಹಿಂಡುವುದು, ಕಾಡಿಗೆ ತುಂಬುವುದು ದಯವಿಟ್ಟು ಬೇಡ.

ಹನಿಮದ್ದು ಬಿಟ್ಟುಕೊಳ್ಳುವವರಿಗೂ ಒಂದು ಮಾತು. ಮದ್ದು ಕೂಡ ಇದೇ ದಾರಿಯಲ್ಲಿ ಮೂಗಿಗೆ ಇಳಿದು ರಕ್ತ ಸೇರುತ್ತದೆ, ಗಂಟಲು ಕಹಿಯಾಗುವುದು ಅದಕ್ಕೇ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಬಿಡುವ ಟಿಮೊಲಾಲ್‌ನಂಥ ಹನಿ ಹಾಗೆ ಒಳಗೆ ಹೋಗಿ ಎದೆಬಡಿತ ನಿಧಾನ ಮಾಡಬಹುದು, ಉಬ್ಬಸದವರಿಗೆ ಉಸಿರು ಕಟ್ಟಿಸಬಹುದು. ಉಬ್ಬಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ.