ಘಟ್ಟ ಹತ್ತಿದ ಮೇಲೆ ಪೆಟ್ರೋಲ್ ಕುಡಿಯುವ ಗಾಡಿ: ಮೊದಲು ಥರ್ಮೋಸ್ಟ್ಯಾಟ್ ನೋಡಿ

ಕೆಎ-19, ಅಂದರೆ ಮಂಗಳೂರು ನಂಬರಿನ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿಯೊಂದು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದಿದೆ ಅಂದುಕೊಳ್ಳಿ. ಒಂದೆರಡು ತಿಂಗಳಲ್ಲಿ ಮೈಲೇಜ್ ಬಿತ್ತು. ಸೈಲೆನ್ಸರ್ ಬಾಯಲ್ಲಿ ಬೆರಳಾಡಿಸಿದರೆ ಕಾಡಿಗೆಯಂಥ ಒಣ ಮಸಿ, ಹೊಗೆಯಲ್ಲಿ ಕಣ್ಣುರಿಸುವ ಪೆಟ್ರೋಲ್ ಘಾಟು. ಗಾಡಿ ರಿಚ್ ಓಡುತ್ತಿದೆ, ಅಂದರೆ ಗಾಳಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸೇರುತ್ತಿದೆ ಎನ್ನಲು ಇಷ್ಟು ಸಾಕು. ಗ್ಯಾರೇಜಿನಲ್ಲಿ ಕೇಳಿದರೆ ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಂತಾರೆ, ಅದಾದ ಮೇಲೆ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿ ಅಂತಾರೆ. ಎರಡಕ್ಕೂ ದುಡ್ಡು ಹಾಕುವ ಮುಂಚೆ, ಎಂಜಿನ್ ಸರಿಯಾಗಿ ಬಿಸಿ ಆಗುತ್ತಿದೆಯೇ ನೋಡಿ.

ಬಯಲುಸೀಮೆಯಲ್ಲೂ ಕರಾವಳಿಯಲ್ಲೂ ಒಂದು ಕೆಟ್ಟ ರೂಢಿ ಇದೆ. ಗಾಡಿ ಹೀಟ್ ಆಗುತ್ತದೆ ಎಂದು ದೂರು ಬಂದರೆ ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡುವುದು. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು (ಎಂಜಿನ್ ತಣಿಸುವ ದ್ರವ) ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಅದು. ಅಲ್ಲಿನ ಬಿಸಿಲಿಗೆ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೂಲೆಂಟ್ 60 ಡಿಗ್ರಿ ದಾಟಲು ತಿಣುಕಾಡುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಗೆ ಕೊಡುತ್ತಲೇ ಇರುತ್ತದೆ. ಹಳೆಯ ಗಾಡಿಯಲ್ಲಿ ಚೋಕ್ ಎಳೆದಿಟ್ಟು ದಿನವಿಡೀ ಓಡಿಸಿದ ಹಾಗೆ.

ಪರೀಕ್ಷೆಗೆ ಕಾಸು ಬೇಡ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಫ್ಯಾನಿಗೆ ಕೈ ತಾಗದಂತೆ ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ಥರ್ಮೋಸ್ಟ್ಯಾಟ್ ಸರಿ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಸುಡುತ್ತದೆ. ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ಅದು ತೆರೆದು ಕಚ್ಚಿಕೊಂಡಿದೆ, ಇಲ್ಲವೇ ಜಾಗದಲ್ಲೇ ಇಲ್ಲ. ಇಸಿಯುವಿನ ಲೆಕ್ಕ ಓದುವ ಸ್ಕ್ಯಾನರ್ ಇದ್ದರೆ ಹದಿನೈದು ನಿಮಿಷ ಓಡಿಸಿದ ಮೇಲೆ ಕೂಲೆಂಟ್ 80ರಿಂದ 95 ಡಿಗ್ರಿ ಕಾಣಬೇಕು. ಘಾಟಿ ಇಳಿಯುವಾಗ 65ಕ್ಕೆ ಜಾರಿದರೆ ಬೇರೆಲ್ಲೂ ಹುಡುಕಬೇಡಿ. ಹೊಸದನ್ನು ಕೂರಿಸುವಾಗ ಕಂಪನಿ ಹೇಳಿದ ಡಿಗ್ರಿಯದ್ದೇ ತನ್ನಿ, ಪುಟ್ಟ ಗಾಳಿಕಿಂಡಿ ಇದ್ದರೆ ಅದು ಮೇಲ್ಮುಖವಾಗಿರಲಿ, ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ.

ಅಲ್ಲಿ ತೊಂದರೆ ಇಲ್ಲದಿದ್ದರೆ, ಕೂಲೆಂಟಿನ ಉಷ್ಣಾಂಶ ಅಳೆದು ಇಸಿಯುಗೆ ತಿಳಿಸುವ ಕೂಲೆಂಟ್ ಸೆನ್ಸರ್ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ ಮತ್ತು ಒಳಬರುವ ಗಾಳಿ, ಎರಡರ ಉಷ್ಣಾಂಶವೂ ಸ್ಕ್ಯಾನರಿನಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಮಾರುತಿ ಗಾಡಿಗಳಲ್ಲಿ ಸೆನ್ಸರ್ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, 80ರಲ್ಲಿ ಸುಮಾರು 0.3. ನಮ್ಮ ತೇವಕ್ಕೆ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟಿ ರೆಸಿಸ್ಟೆನ್ಸ್ ಏರುತ್ತದೆ, ಇಸಿಯುಗೆ ಅದು ಚಳಿಯಾಗಿ ಕಾಣುತ್ತದೆ. ಕಾಫಿ ಸ್ಟೋರಿನ ಪಕ್ಕ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದ ವೈರನ್ನೂ ಏರ್ ಫಿಲ್ಟರ್ ಡಬ್ಬಿಯೊಳಗಿನ ಇಲಿಗೂಡನ್ನೂ ನೋಡಿಬಿಡಿ.

ಇನ್ನು ಎತ್ತರದ ಮಾತು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಮಂಗಳೂರಿಗಿಂತ ಹತ್ತಿರಹತ್ತಿರ ಶೇ. 10ರಷ್ಟು ತೆಳು. ಕಾರ್ಬುರೇಟರಿನ ಹಳೆಯ ಜಿಪ್ಸಿ, ಓಮ್ನಿಗಳಿಗೆ ಇದನ್ನು ಅರಿತು ಪೆಟ್ರೋಲ್ ತಗ್ಗಿಸಲು ಬರುವುದಿಲ್ಲ. ಕೆಳಗೆ ಟ್ಯೂನ್ ಮಾಡಿದ ಗಾಡಿ ಇಲ್ಲಿ ಶೇ. 5ರಷ್ಟು ರಿಚ್ ಆಗುತ್ತದೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಐಡ್ಲಿಂಗ್ ಸರಿಹೋದೀತು, ಓಡುವಾಗಿನದ್ದು ಮೇನ್ ಜೆಟ್ಟಿನ (ಪೆಟ್ರೋಲ್ ಹಾಯುವ ಅಳತೆಯ ತೂತು) ಕೆಲಸ. ಆದರೆ ಶೇ. 5ಕ್ಕೆ ಕಪ್ಪು ಹೊಗೆ ಬರುವುದಿಲ್ಲ. ಬಂದರೆ ಕಾರ್ಬುರೇಟರಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ಸವೆದಿದೆ, ಇಲ್ಲವೇ ಚೋಕ್ ಪೂರ್ತಿ ತೆರೆಯುತ್ತಿಲ್ಲ. ಎಲ್ಲದಕ್ಕೂ ಘಟ್ಟವನ್ನೇ ದೂರಬೇಡಿ.

ಎಂಪಿಎಫ್‌ಐ ಗಾಡಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿ, ಎತ್ತರವನ್ನು ಮ್ಯಾಪ್ ಸೆನ್ಸರಿನಿಂದ (ಎಂಜಿನ್ ಒಳಸೇರುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ತಿಳಿಯುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಮಡಿಕೇರಿಯಲ್ಲಿ 88 ಕಿಲೋಪ್ಯಾಸ್ಕಲ್ ಆಸುಪಾಸು ಇರಬೇಕು. 100 ತೋರಿಸಿದರೆ ಸೆನ್ಸರ್ ಇನ್ನೂ ಮಂಗಳೂರಿನಲ್ಲೇ ಇದೆ! ಬಿಸಿ ಎಂಜಿನ್ನಿನ ಐಡ್ಲಿಂಗಿನಲ್ಲಿ 30ರಿಂದ 40 ಇರುತ್ತದೆ. ಸೆನ್ಸರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಸೀಳಿದ್ದರೆ ಸಂಖ್ಯೆ ಮೇಲೇರಿ, ಲೋಡ್ ಬಿದ್ದಿದೆಯೆಂದು ಇಸಿಯು ಪೆಟ್ರೋಲ್ ಸುರಿಯುತ್ತದೆ.

ಈಗ ಫ್ಯುಯೆಲ್ ಟ್ರಿಮ್, ಅಂದರೆ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಕಡಿಮೆ (ಮೈನಸ್) ಇಲ್ಲವೇ ಹೆಚ್ಚು (ಪ್ಲಸ್) ಮಾಡುತ್ತಿದೆ ಎಂಬ ಲೆಕ್ಕ. ಲಾಂಗ್ ಟರ್ಮ್ ಮೈನಸ್ 15, ಮೈನಸ್ 20 ಇದ್ದು ಆಕ್ಸಿಜನ್ ಸೆನ್ಸರ್ ರಿಚ್ ಎಂದು 0.8 ವೋಲ್ಟ್ ಮೇಲೆಯೇ ನಿಂತಿದ್ದರೆ ಸೆನ್ಸರ್ ನಿಜ ಹೇಳುತ್ತಿದೆ, ಅದನ್ನು ಬದಲಿಸಿ ಏನೂ ಆಗದು. ಟ್ರಿಮ್ ಪ್ಲಸ್ ಇದ್ದೂ ಮಸಿ ಬರುತ್ತಿದ್ದರೆ ಯಾರೋ ಸೆನ್ಸರಿಗೆ ಸುಳ್ಳು ಹೇಳುತ್ತಿದ್ದಾರೆ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಸೇರುತ್ತಿರಬಹುದು, ಇಲ್ಲವೇ ಒಂದು ಸಿಲಿಂಡರ್ ಮಿಸ್ ಆಗುತ್ತಿರಬಹುದು. ಎಷ್ಟೋ ಸೆನ್ಸರುಗಳು ಸುಮ್ಮನೆ ಗುಜರಿಗೆ ಹೋಗುವುದು ಇಲ್ಲೇ.

ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಡಿ. ಎಲ್ಲವೂ ಒಂದೇ ಸಮ ಕಪ್ಪಗಿದ್ದರೆ ಮೇಲೆ ಹೇಳಿದ್ದರಲ್ಲೇ ಕಾರಣವಿದೆ. ಒಂದೇ ಕಪ್ಪಗಿದ್ದರೆ ಆಗ ಮಾತ್ರ ಆ ಸಿಲಿಂಡರಿನ ಇಂಜೆಕ್ಟರನ್ನೋ ಕಾಯಿಲನ್ನೋ ಅನುಮಾನಿಸಿ. ಪೆಟ್ರೋಲ್ ಒತ್ತಡ ಹತೋಟಿಯಲ್ಲಿಡುವ ಪ್ರೆಷರ್ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇರುವ ಗಾಡಿಯಾದರೆ ಆ ಪೈಪ್ ಎಳೆದು ಮೂಸಿ. ಒಳಗೆ ಪೆಟ್ರೋಲ್ ಹಸಿ ಇದ್ದರೆ ಡಯಾಫ್ರಾಮ್ ಹರಿದಿದೆ.

ರಿಪೇರಿ ಆದ ಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಲು ಮರೆಯಬೇಡಿ. ಮಟ್ಟ ಏರಿದೆ, ಪೆಟ್ರೋಲ್ ವಾಸನೆ ಬರುತ್ತಿದೆ ಎಂದಾದರೆ ಎಂಜಿನ್ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಆಯಿಲಿನಲ್ಲಿ ಸೇರಿದ ಪೆಟ್ರೋಲ್ ಆವಿಯಾಗಿ ಪಿಸಿವಿ (ಆಯಿಲ್ ಇರುವ ಜಾಗದ ಆವಿಯನ್ನು ಎಂಜಿನ್ನಿಗೆ ಒಯ್ಯುವ ಕವಾಟ) ಮೂಲಕ ಮತ್ತೆ ಎಂಜಿನ್ನಿಗೇ ಹೋಗುತ್ತದೆ, ಗಾಡಿ ಇನ್ನೂ ರಿಚ್ ಎಂದೇ ಕಾಣುತ್ತದೆ. ಆಮೇಲೆ ಟ್ರಿಮ್ ರಿಸೆಟ್ ಮಾಡಿ, ನೂರು ಕಿಲೋಮೀಟರ್ ಓಡಿಸಿ, ಬಿಸಿ ಎಂಜಿನ್ನಿನಲ್ಲೇ ಹೊಗೆ ತಪಾಸಣೆ ಮಾಡಿಸಿ. ಬಿಎಸ್-4 ಪೆಟ್ರೋಲ್ ಗಾಡಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.3.