ಕೆ ಎಷ್ಟಿರಬೇಕು?

ಜೀನೋಮ್ ಜೋಡಣೆಯಲ್ಲಿ, ಅಂದರೆ ಯಂತ್ರ ಓದಿಕೊಟ್ಟ ಡಿಎನ್ಎ ಚೂರುಗಳನ್ನು (ರೀಡ್) ಸೇರಿಸಿ ಪೂರ್ತಿ ಸರಣಿ ಕಟ್ಟುವಾಗ, ಕೆ-ಮರ್ (ರೀಡಿನಿಂದ ಒಂದೊಂದಕ್ಷರ ಸರಿಯುತ್ತ ತೆಗೆದ ಕೆ ಅಕ್ಷರದ ತುಂಡು) ಉದ್ದ ಆರಿಸುವುದು ಸಾರಿಗೆ ಉಪ್ಪು ಹಾಕಿದ ಹಾಗೆ. 150 ಅಕ್ಷರದ ರೀಡನ್ನು 31ರ ತುಂಡು ಮಾಡಿದರೆ 120 ಕೆ-ಮರ್ ಸಿಗುತ್ತವೆ; 99ಕ್ಕೆ ಏರಿಸಿದರೆ ಬರೀ 52. ಕವರೇಜ್ (ಒಂದೊಂದು ಜಾಗ ಎಷ್ಟು ಸಲ ಓದಿಸಿಕೊಂಡಿದೆ ಎಂಬುದು) ತೆಳುವಾಗಿ, ಕೆ-ಮರ್‌ಗಳನ್ನು ಕೊಂಡಿ ಹಾಕಿ ಹೆಣೆದ ಗ್ರಾಫ್ ಅಲ್ಲಲ್ಲಿ ಹರಿದುಹೋಗುತ್ತದೆ. ತೀರಾ ಇಳಿಸಿದರೋ, ಪುನರಾವರ್ತನೆಗಳೆಲ್ಲ ಒಂದೇ ಗಂಟು. ಕೆಗೆ ಬೆಸ ಸಂಖ್ಯೆಯೇ ಯಾಕೆ ಅಂದರೆ, ಸಮವಾದರೆ ಎಸಿಜಿಟಿ ತರಹದ ತುಂಡು, ಹಿಂದುಮುಂದಾಗಿ ಓದುವ ಎದುರು ಎಳೆಯಲ್ಲೂ ಎಸಿಜಿಟಿ ಅಂತಲೇ ಓದಿಸಿಕೊಳ್ಳುತ್ತದೆ, ಯಾವ ಎಳೆಯದೆಂದು ಗೊತ್ತಾಗುವುದಿಲ್ಲ.

ಕೆ 31 ಇದ್ದಾಗ ರೀಡಿನ ನಡುವೆ ಒಂದಕ್ಷರ ತಪ್ಪಿದರೆ 31 ಕೆ-ಮರ್ ಕೆಡುತ್ತವೆ. ಅವು ಹೆಚ್ಚಾಗಿ ಒಂದೆರಡು ಸಲವಷ್ಟೇ ಕಾಣಿಸುವುದರಿಂದ ಎಣಿಕೆಯ ಹಿಸ್ಟೋಗ್ರಾಮ್ ನೋಡಿ ಕಡಿಮೆ ಸಲ ಬಂದವು ಇರುವ ಎಡತುದಿಯನ್ನು ಕತ್ತರಿಸಬಹುದು. ಕವರೇಜೇ 5-6 ಪಟ್ಟಿದ್ದರೆ ಮಾತ್ರ ಕಳೆಯ ಜೊತೆ ಪೈರೂ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಮನುಷ್ಯರ ಜೀನೋಮಿನಲ್ಲಿ ಮತ್ತೆ ಮತ್ತೆ ಬರುವ ಆಲು (Alu) ಎಂಬ ತುಂಡಿನ ಎದುರು 150ರ ರೀಡ್ ಸೋಲುತ್ತದೆ: ಸುಮಾರು 300 ಅಕ್ಷರ, 10 ಲಕ್ಷಕ್ಕೂ ಹೆಚ್ಚು ಪ್ರತಿ! ಅಲ್ಲಿ ಕೆ ತಿರುಗಿಸಿ ಪ್ರಯೋಜನವಿಲ್ಲ, ರೀಡೇ ಉದ್ದವಾಗಬೇಕು. 2001ರ ಕರಡಿನಲ್ಲಿ ಬಿಟ್ಟುಹೋಗಿದ್ದ ಸೆಂಟ್ರೊಮಿಯರ್‌ಗಳು (ಕ್ರೋಮೋಸೋಮಿನಲ್ಲಿ ಪುನರಾವರ್ತನೆ ತುಂಬಿದ ಕಿರಿದಾದ ಭಾಗ) 2022ರಲ್ಲಿ ತುಂಬಿದ್ದು ಉದ್ದ ರೀಡುಗಳಿಂದಲೇ.

ಎನ್50 (ಜೋಡಿಸಿ ಬಂದ ತುಂಡುಗಳು ಎಷ್ಟು ಉದ್ದವಿವೆ ಎಂಬ ಅಳತೆ) ದೊಡ್ಡದು ಬಂತೆಂದು ಹಿಗ್ಗುವವರನ್ನು ಕಂಡಾಗ ಒಂದು ಅನುಮಾನ ಸುಳಿಯುತ್ತದೆ: ಬೇರೆ ಬೇರೆ ಜಾಗದ ತುಂಡುಗಳನ್ನು ತಪ್ಪಾಗಿ ಅಂಟಿಸಿದರೂ ಅದು ಬೆಳೆಯುತ್ತದಲ್ಲ.